ಎರಡು ಮತದ ಆರೋಪ: ಮೊಕದ್ದಮೆಗೆ ಮೊದಲು ಪರಿಶೀಲನೆ

ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಎರಡು ಕಡೆ ಮತ ಹಾಕಿದ ಶಂಕೆಯಿರುವವರ ಮೇಲೆ ಸ್ಥಳೀಯ ಪ್ರಾಸಿಕ್ಯೂಟರ್ (ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವ ವಕೀಲ) ಮೊಕದ್ದಮೆ ಹೂಡದಿದ್ದರೆ ಅದು ಕರ್ತವ್ಯಲೋಪವೇ ಸರಿ ಎಂದು ಲೇಖನವೊಂದು ವಾದಿಸಿದೆ; ಆ ವಾದವನ್ನು ಒಪ್ಪುವುದು ಕಷ್ಟ. ಕೌಂಟಿಗಳ (ನಮ್ಮ ಜಿಲ್ಲೆಯಂಥ ಘಟಕಗಳ) ಪ್ರಾಸಿಕ್ಯೂಟರುಗಳು ಇಂಥ ಪ್ರಕರಣಗಳತ್ತ ಗಮನ ಕೊಡುತ್ತಿಲ್ಲವೆಂದು ದೂರಿ, ರಾಜ್ಯದ ಚುನಾವಣೆಗಳ ಹೊಣೆ ಹೊತ್ತ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಯಲ್ಲಿ ಆಗ ಇದ್ದ ಕ್ರಿಸ್ ಕೋಬಾಕ್ ಅವರು 2015ರಲ್ಲಿ ಮೊಕದ್ದಮೆ ಹೂಡುವ ಅಧಿಕಾರವನ್ನು ತಮ್ಮ ಕಚೇರಿಗೇ ಪಡೆದುಕೊಂಡರು; ಆದರೂ ಶಿಕ್ಷೆಯಾದ ಪ್ರಕರಣಗಳು ಬೆರಳೆಣಿಕೆಯಷ್ಟೇ.

ಶಂಕೆ ಹುಟ್ಟುವ ಬಗೆಯನ್ನೇ ನೋಡಬೇಕು. ಬೇರೆ ಬೇರೆ ರಾಜ್ಯಗಳ ಮತದಾರರ ಪಟ್ಟಿಗಳನ್ನು ಹೋಲಿಸಲು ಅದೇ ಕಚೇರಿ ನಡೆಸುತ್ತಿದ್ದ ‘ಕ್ರಾಸ್‌ಚೆಕ್’ ವ್ಯವಸ್ಥೆ ಮುಖ್ಯವಾಗಿ ಹೆಸರು ಮತ್ತು ಜನ್ಮದಿನಾಂಕಗಳನ್ನು ತಾಳೆ ನೋಡುತ್ತಿತ್ತು. ಅಷ್ಟು ದೊಡ್ಡ ದೇಶದಲ್ಲಿ ಇವೆರಡೂ ಒಂದೇ ಆಗಿರುವ ಬೇರೆ ಬೇರೆ ವ್ಯಕ್ತಿಗಳು ಸಿಗುವುದು ಅಪರೂಪವಲ್ಲ. ದಾಖಲೆಯ ತಪ್ಪಿನಿಂದಲೂ ಶಂಕೆ ಹುಟ್ಟಬಹುದು. ತಂದೆಯ ಹೆಸರನ್ನೇ ಮಗನಿಗೂ ಇಡುವುದು ಅಲ್ಲಿ ಸಾಮಾನ್ಯ; ಮತಗಟ್ಟೆಯ ಪುಸ್ತಕದಲ್ಲಿ ಮಗ ಕೈತಪ್ಪಿ ತಂದೆಯ ಸಾಲಿನಲ್ಲಿ ಸಹಿ ಹಾಕಿದರೆ, ಅಂಚೆಯಲ್ಲಿ ಮತ ಕಳಿಸಿದ ತಂದೆ ದಾಖಲೆಯಲ್ಲಿ ಎರಡು ಬಾರಿ ಮತ ಹಾಕಿದವರಾಗುತ್ತಾರೆ. ಆ ಸಹಿಯನ್ನು ತರಿಸಿ ನೋಡದೆ ಆರೋಪಪಟ್ಟಿ ಬರೆಯುವ ಪ್ರಾಸಿಕ್ಯೂಟರ್‌ಗಿಂತ, ನೋಡಿ ಕಡತ ಮುಚ್ಚುವವರೇ ವಾಸಿ.

ನಮ್ಮಲ್ಲಿ ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿ ಎರಡನೇ ಮತ ತಡೆಯುವ ಕೆಲಸವನ್ನು ಮತಗಟ್ಟೆಯಲ್ಲೇ, ಬೆರಳ ಮೇಲೆಯೇ ಮುಗಿಸುತ್ತದೆ. (ಎರಡು ಊರುಗಳ ಪಟ್ಟಿಯಲ್ಲಿ ಹೆಸರು ಉಳಿಯುವ ತೊಂದರೆ ನಮಗೂ ತಪ್ಪಿಲ್ಲ.) ಅಂಚೆ ಮತ ವ್ಯಾಪಕವಾಗಿರುವ ಅಮೆರಿಕದಲ್ಲಿ ಶಾಯಿಯೊಂದೇ ಸಾಲದು, ಅಂಚೆ ಮತಪತ್ರ ಪಡೆದವರ ಹೆಸರಿನ ಮುಂದೆ ಮತಗಟ್ಟೆಯ ಪಟ್ಟಿಯಲ್ಲಿ ಗುರುತು ಹಾಕುವುದು ಮತ್ತು ರಾಜ್ಯಗಳು ವಿಳಾಸ ಬದಲಾವಣೆಯ ಮಾಹಿತಿಯನ್ನು ಹಂಚಿಕೊಳ್ಳುವುದು ಹೆಚ್ಚು ಉಪಯುಕ್ತ. ಆ ಲೇಖನದ ಲೇಖಕರು ಶಿಕ್ಷೆಯ ಬಗ್ಗೆ ಇಷ್ಟು ವಿಸ್ತಾರವಾಗಿ ಬರೆದು, ಈ ಕ್ರಮಗಳನ್ನು ಒಂದೇ ವಾಕ್ಯದಲ್ಲಿ ದಾಟಿಸಿದ್ದಾರೆ.