ದೇವೇಗೌಡರು ಜನರಿಂದ ಆಯ್ಕೆಯಾಗದೆ ಪ್ರಧಾನಿಯಾದರೇ? ಸತ್ಯಾಂಶ ಇಲ್ಲಿದೆ

‘ಎಚ್.ಡಿ. ದೇವೇಗೌಡರು ಸಂಸತ್ತಿನ ಮೆಟ್ಟಿಲನ್ನೇ ಹತ್ತದೆ, ನಿಯಮ ಮೀರಿ ಪ್ರಧಾನಿಯಾದರು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತದೆ. ಇದರಲ್ಲಿ ನಿಜವಿರುವುದು ಒಂದೇ ಎಳೆ: 1996ರ ಜೂನ್ 1ರಂದು ಪ್ರಮಾಣವಚನ ಸ್ವೀಕರಿಸಿದಾಗ ಅವರು ಸಂಸದರಾಗಿರಲಿಲ್ಲ; ಅದರ ಹಿಂದಿನ ದಿನದವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು.

ಉಳಿದದ್ದು ತಪ್ಪು. 1962ರಲ್ಲೇ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದವರು ಅವರು. 1991ರಲ್ಲಿ ಹಾಸನದಿಂದ ಲೋಕಸಭೆಗೂ ಆಯ್ಕೆಯಾಗಿದ್ದರು. ಮೂರು ದಶಕಗಳ ಈ ದುಡಿಮೆಯನ್ನು ಒಂದು ಸಾಲಿನಲ್ಲಿ ಅಳಿಸಿಹಾಕುವುದು ಅನ್ಯಾಯ.

ನಿಯಮದ ಮಾತಿಗೆ ಬಂದರೆ, ಸಂವಿಧಾನದ 75(5)ನೇ ವಿಧಿಯನ್ನು ಓದಬೇಕು. ಸಂಸತ್ತಿನ ಸದಸ್ಯರಲ್ಲದವರೂ ಸಚಿವರಾಗಬಹುದು; ಆದರೆ ಸತತ ಆರು ತಿಂಗಳವರೆಗೆ ಯಾವ ಸದನದ ಸದಸ್ಯತ್ವವೂ ಇಲ್ಲದಿದ್ದರೆ ಹುದ್ದೆ ತಾನಾಗಿಯೇ ಹೋಗುತ್ತದೆ. ಪ್ರಧಾನಿಗೂ ಇದೇ ಗಡುವು. ಗೌಡರು ಸೆಪ್ಟೆಂಬರ್‌ನಲ್ಲೇ ಕರ್ನಾಟಕದಿಂದ ರಾಜ್ಯಸಭೆ ಪ್ರವೇಶಿಸಿದರು.

ಅವರೇ ಮೊದಲಿಗರೂ ಅಲ್ಲ. 1991ರಲ್ಲಿ ಪಿ.ವಿ. ನರಸಿಂಹರಾವ್ ಸಹ ಸಂಸದರಾಗಿರದೆಯೇ ಪ್ರಧಾನಿಯಾಗಿ, ಬಳಿಕ ನಂದ್ಯಾಲ ಉಪಚುನಾವಣೆಯಲ್ಲಿ ಗೆದ್ದರು. 1997ರಲ್ಲಿ ಗೌಡರ ಸರ್ಕಾರ ಬಿದ್ದದ್ದೂ ಈ ಕಾರಣಕ್ಕಲ್ಲ, ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡದ್ದರಿಂದ.