ಕೊಸರು ಹಾಡು

ಟಣ್ ಅನ್ನುತ್ತದೆ. ಎರಡು ಸೆಕೆಂಡ್ ಬಿಟ್ಟು ಟೊಣ್ ಅನ್ನುತ್ತದೆ. ಮೊದಲನೆಯದು ಬಂದೆ ಅಂತ, ಎರಡನೆಯದು ಹೋದೆ ಅಂತ. ಹೋದ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ನಮ್ಮ ಮನೆಯಲ್ಲಿ ಇದೇ ನಡೆದಿತ್ತು. ಹಾಡು ಕೇಳುವ ಪ್ಲೇಯರಿಗೆ ಕೇಬಲ್ ಚುಚ್ಚಿ ಕಂಪ್ಯೂಟರಿಗೆ ಸೇರಿಸಿದರೆ ಟಣ್. ಅಬ್ಬಾ ಅಂತ ಕುರ್ಚಿಗೆ ಒರಗುವಷ್ಟರಲ್ಲಿ ಟೊಣ್.

"ಎಷ್ಟು ಘಂಟಿ ಹೊಡೀಲಿಕ್ಕತ್ತೀರಿ? ದೇವರು ಎದ್ದನೋ ಇಲ್ಲೋ?" ಅಂತ ಅಡುಗೆಮನೆಯಿಂದ ನಮ್ಮ ಮನೆಯವರು ಕೇಳಿದರು.

ದೇವರು ಎದ್ದಿರಲಿಲ್ಲ.

ಪ್ಲೇಯರ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. 2008ರಲ್ಲಿ ಹೈದರಾಬಾದಿಗೆ ಹೋದಾಗ ತಂದದ್ದು. ಯಾವ ಕಂಪನಿಯದ್ದು ಅಂತ ಹೇಳಲ್ಲ, ಈ ವಯಸ್ಸಿನಲ್ಲಿ ಯಾಕೆ ಸುಮ್ನೆ ಜಗಳ. 4 ಜಿಬಿ. ಹಾಡಿಗೆ ನಾಲ್ಕು ಎಂಬಿ ಅಂತ ಹಿಡಿದರೆ ಸಾವಿರ ಹಾಡು ಹಿಡಿಯುತ್ತದೆ. ನನ್ನದರಲ್ಲಿ 212 ಇವೆ. ಹೆಸರುಗಳನ್ನು ಕನ್ನಡದಲ್ಲೇ ಇಡಬೇಕು ಅಂತ ಹಟ ಮಾಡಿ ಒಂದೊಂದನ್ನೂ ಬೆರಳಚ್ಚು ಮಾಡಿದ್ದೆ. ಪ್ಲೇಯರಿಗೆ ಕನ್ನಡ ಬರಲಿಲ್ಲ. ಅಕ್ಷರ ಇರಬೇಕಾದ ಕಡೆ ಚೌಕ ಚೌಕ ತೋರಿಸಿತು. ಈಗ ನನಗೆ ಚೌಕಗಳೇ ರೂಢಿಯಾಗಿವೆ. ನಾಲ್ಕು ಚೌಕ, ಆಮೇಲೆ ಏಳು ಚೌಕ ಅಂದರೆ ಯಾವ ಹಾಡು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ನನ್ನ ಕೆಲಸ ಇಷ್ಟೇ ಇತ್ತು. ಈ 212 ಹಾಡನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಹಳೇ ಕಂಪ್ಯೂಟರ್ ಸತ್ತು ಎರಡು ವರ್ಷ ಆಯಿತು. ಹಾಡುಗಳು ಮೊದಲು ಇದ್ದ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಅದಕ್ಕೂ ಜಾಸ್ತಿ ವರ್ಷ ಆಯಿತು. ಅಂದರೆ ಅವು ಈಗ ಭೂಮಿ ಮೇಲೆ ಇರುವುದು ಈ ಪೊಟ್ಟಣದಲ್ಲಿ ಮಾತ್ರ.

ಯಾರನ್ನು ಕೇಳಿದರೂ ಮೊದಲನೇ ಮಾತು, ಬಂದ್ ಮಾಡಿ ಚಾಲೂ ಮಾಡ್ರಿ. ಮಾಡಿದೆ. ಬೇರೆ ಪೋರ್ಟಿಗೆ ಹಾಕಿ ನೋಡ್ರಿ, ಮುಂದಿನದು ಸಡಿಲ ಇರ್ತದ, ಹಿಂದಿನದು ಗಟ್ಟಿ. ಟೇಬಲ್ಲಿನ ಕೆಳಗೆ ತೂರಿ ಹಿಂದಿನದಕ್ಕೂ ಹಾಕಿದೆ. ಅಲ್ಲಿ ಎರಡು ಪೆನ್ನು, ಒಂದು ಒಣಗಿದ ಹಲ್ಲಿ ಸಿಕ್ಕವು. ಡ್ರೈವರ್ ಕಿತ್ತು ಮತ್ತೆ ಹಾಕ್ರಿ. ಅದೂ ಆಯಿತು. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಮಾತಿಗೆ: "ಫಾರ್ಮ್ಯಾಟ್ ಹೊಡೆದುಬಿಡ್ರಿ, ಎಲ್ಲಾ ಸರಿ ಆಗ್ತದ." ಹಾಡು ಉಳಿಸಿಕೊಳ್ಳಬೇಕು ಅಂತ ಬಂದವನಿಗೆ ಹಾಡು ಅಳಿಸು ಅಂತ ಹೇಳುವುದು. ನೆಗಡಿಯಾಯಿತು ಅಂತ ಮೂಗು ಕೊಯ್ದುಕೊಳ್ಳುವುದಕ್ಕೆ ಈಗ ಹೊಸ ಹೆಸರು ಬಂದಿದೆ, ಅಷ್ಟೇ.

ಕೇಬಲ್ಲಿನ ಮೇಲೆ ಅನುಮಾನ ಬಂದು ನಮ್ಮ ರಾಯಚೂರಿನ ತೀನ್ ಕಂದೀಲಿಗೆ ಹೋಗಿ ಅರವತ್ತು ರೂಪಾಯಿ ಕೊಟ್ಟು ಹೊಸದು ತಂದೆ. ಬರುವಾಗ ಮಿರ್ಚಿ, ಒಗ್ಗರಣಿ ಕಟ್ಟಿಸಿಕೊಂಡು ಬಂದೆ. ಆ ಪ್ರಯಾಣದಲ್ಲಿ ಉಪಯೋಗಕ್ಕೆ ಬಂದದ್ದು ಮಿರ್ಚಿ ಮಾತ್ರ. ಹೊಸ ಕೇಬಲ್ ಹಾಕಿದರೆ ಟಣ್ ಕೂಡ ಇಲ್ಲ. ಪ್ಲೇಯರ್ ಮಾತ್ರ ಖುಷಿಯಾಗಿ ಚಾರ್ಜ್ ಆಗುತ್ತ ಕೂತಿತು. ಉಣ್ಣಲಿಕ್ಕೆ ಬರುತ್ತದೆ, ಮಾತಿಗೆ ಬರುವುದಿಲ್ಲ. ಅಂಥ ಬೀಗರನ್ನು ನಾವೂ ಕಂಡಿದ್ದೇವೆ.

ಪಕ್ಕದ ಮನೆಯ ಹುಡುಗನನ್ನು ಕರೆದೆ. ಇಂಜಿನಿಯರಿಂಗ್ ಮೊದಲ ವರ್ಷ. ನನ್ನ ಪ್ಲೇಯರಿಗೂ ಅವನಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನ್ ಪೆನ್ ಡ್ರೈವ್ ಏನ್ರಿ ಅಂಕಲ್?" ಅಂದ. ಎಂಪಿ3 ಪ್ಲೇಯರ್ ಅಂದೆ. "ಎಂಪಿ3 ಸತ್ತೋಗೇತಲ್ರಿ" ಅಂದ. ಅವನು ಎಲ್ಲೋ ಓದಿದ್ದು ಸುಳ್ಳಲ್ಲ. ಎಂಪಿ3 ರೂಪಿಸಿದ ಜರ್ಮನಿಯ ಸಂಸ್ಥೆ 2017ರಲ್ಲಿ ಅದಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಪೇಟೆಂಟ್ ಅವಧಿ ಮುಗಿದಿತ್ತು, ಇನ್ನು ಯಾರೂ ದುಡ್ಡು ಕೊಡಬೇಕಿರಲಿಲ್ಲ. ಆದರೆ ಆವತ್ತು ಎಲ್ಲ ಕಡೆ ಎಂಪಿ3 ಸತ್ತಿತು ಅಂತಲೇ ಸುದ್ದಿ. ಬಾಡಿಗೆ ಕೇಳುವವನು ಬರುವುದು ಬಿಟ್ಟರೆ ಮನೆ ಬಿದ್ದುಹೋಯಿತು ಅನ್ನುತ್ತಾರಾ?

ಹುಡುಗ ಜಾಣ. ಹೊಸ ಕೇಬಲ್ ಹಿಡಿದು ನೋಡಿದ ತಕ್ಷಣ ರೋಗ ಹೇಳಿದ. ಯುಎಸ್‌ಬಿ ಕೇಬಲ್ಲಿನ ಒಳಗೆ ನಾಲ್ಕು ತಂತಿ ಇರಬೇಕು. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ಎರಡೇ ಹಾಕಿ ಮುಗಿಸುತ್ತಾರೆ. ಹಳೇದರಲ್ಲಿ ನಾಲ್ಕೂ ಇವೆ, ಆದರೆ ಕುತ್ತಿಗೆ ಹತ್ತಿರ ಒಂದು ಕಡಿದಿದೆ. ಅದಕ್ಕೇ ಟಣ್, ಟೊಣ್. "ನಮ್ಮಪ್ಪನ ಹಳೇ ಕ್ಯಾಮೆರಾದ ಕೇಬಲ್ ಇದಕ್ಕ ಹೊಂದತೈತಿ, ತಡ್ರಿ" ಅಂತ ಎದ್ದವನು ಮತ್ತೆ ಕೂತ. ಪ್ಲೇಯರಿಗೆ ಪುಟ್ಟ ಸ್ಪೀಕರ್ ಹಚ್ಚಿ ಅದರಲ್ಲಿ ಏನಿದೆ ನೋಡಬೇಕು ಅಂದ. ಚೌಕಗಳ ಸಾಲಿನಲ್ಲಿ ಸುಮ್ನೆ ಒಂದನ್ನು ಒತ್ತಿದ.

ತಂಬೂರಿ, ಒಂದು ಗಂಡಸಿನ ದನಿ, ಪಲ್ಲವಿ, ಒಂದು ಚರಣ, ಇನ್ನೊಂದು ಚರಣ. ಮೂರನೆಯದರ ಮೊದಲ ಸಾಲು ಮುಗಿದು ಎರಡನೆಯದಕ್ಕೆ ದನಿ ಏರುತ್ತಿದ್ದ ಹಾಗೆ, ಟಕ್. ಮುಗಿಯಿತು.

"ಫೈಲ್ ಕರಪ್ಟ್ ಆಗೇತಿ ಅಂಕಲ್" ಅಂದ.

ಆಗಿಲ್ಲ. ಅದು 1987ರಿಂದ ಹಾಗೇ ಇದೆ.

ಆಗ ಸ್ಟೇಷನ್ ರೋಡಿನ ಕಡೆ ಒಂದು ಕ್ಯಾಸೆಟ್ ಅಂಗಡಿ ಇತ್ತು. ಆರಡಿ ಅಗಲ. ಖಾಲಿ ಕ್ಯಾಸೆಟ್ಟೂ ಚೀಟಿಯೂ ಕೊಟ್ಟು ಬಂದರೆ ನಾಲ್ಕು ದಿನಕ್ಕೆ ಹಾಡು ತುಂಬಿಸಿ ಕೊಡುತ್ತಿದ್ದರು. ಅಂಗಡಿ ಕಾಕಾಗೆ ಎರಡು ನಿಯಮ ಇದ್ದವು. ಒಂದು, ಒಮ್ಮೆ ತುಂಬಿಸಿದ ಮೇಲೆ ಕ್ಯಾಸೆಟ್ಟಿನ ನೆತ್ತಿಯ ಮೇಲಿನ ಎರಡು ಪ್ಲಾಸ್ಟಿಕ್ ಚೂರು ಮುರಿದೇ ಕೊಡುವುದು, ಮನೆಯಲ್ಲಿ ಹುಡುಗರು ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಬಾರದು ಅಂತ. ಎರಡು, ಟೇಪು ಖಾಲಿ ಬಿಡಬಾರದು. ಅರವತ್ತರ ಕ್ಯಾಸೆಟ್ ಅಂದರೆ ಬದಿಗೆ ಮೂವತ್ತು ನಿಮಿಷ, ಸುಮಾರು 90 ಮೀಟರ್ ಟೇಪು. ಚೀಟಿಯ ಹಾಡುಗಳು ಇಪ್ಪತ್ತೇಳು ನಿಮಿಷಕ್ಕೆ ಮುಗಿದರೆ ಉಳಿದ ಮೂರು ನಿಮಿಷಕ್ಕೆ ಕಾಕಾ ತಮ್ಮ ಮನಸ್ಸಿಗೆ ಬಂದದ್ದನ್ನು ತುಂಬಿಸುತ್ತಿದ್ದರು. ದುಡ್ಡಿಲ್ಲ. ಕೊಸರು. ಸಂತೆಯಲ್ಲಿ ಬದನೆಕಾಯಿ ತೂಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ. ಹಾಡು ಐದು ನಿಮಿಷದ್ದು, ಟೇಪು ಮೂರು ನಿಮಿಷದ್ದು ಅನ್ನುವುದು ಅವರಿಗೆ ಒಂದು ಸಮಸ್ಯೆ ಅಂತ ಅನ್ನಿಸುತ್ತಲೇ ಇರಲಿಲ್ಲ.

ಅಪ್ಪ ಹೈದರಾಬಾದಿನಿಂದ ಟೂ ಇನ್ ಒನ್ ತಂದ ವರ್ಷ ಅದು. ಮೊದಲ ಕ್ಯಾಸೆಟ್ಟಿನ ಎ ಬದಿಗೆ ಗಾಯಕ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳು ಬೇಕು ಅಂತ ಬರೆದುಕೊಟ್ಟಿದ್ದರು. ಈಗ ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ಅಪ್ಪ ಅವರನ್ನು ಮೂರಡಿ ದೂರದಲ್ಲಿ ಕೂತು ಕೇಳಿದವರು. ಬಿ ಬದಿಗೆ ದಾಸರ ಪದಗಳು. ಬಿ ಬದಿಯ ಕೊನೆಗೆ ಬಂದ ಕೊಸರು ಈ ಹಾಡು.

ಹಾಡು ಚೆನ್ನಾಗಿತ್ತು. ಕಷ್ಟ ಆದದ್ದು ಅದರಿಂದಲೇ.

ದಾಸರ ಪದದಲ್ಲಿ ಬರೆದವರ ಅಂಕಿತ ಬರುವುದು ಕೊನೆಯ ಚರಣದಲ್ಲಿ. ವಿಜಯವಿಠಲ ಅಂತ ಬಂದರೆ ವಿಜಯದಾಸರು. ಗೋಪಾಲವಿಠಲ ಅಂತ ಬಂದರೆ ಗೋಪಾಲದಾಸರು. ನಮ್ಮ ಟೇಪು ಅಂಕಿತಕ್ಕೆ ಒಂದು ಸಾಲು ಮೊದಲೇ ಟಕ್ ಅನ್ನುತ್ತಿತ್ತು. ಬೇರೆ ಜಿಲ್ಲೆಯಾಗಿದ್ದರೆ ಇದು ಅಂಥ ದೊಡ್ಡ ಮಾತಲ್ಲ. ರಾಯಚೂರಿನಲ್ಲಿ ದಾಸರು ಅಂದರೆ ಊರವರು, ಹೆಚ್ಚು ಕಡಿಮೆ ಸಂಬಂಧಿಕರು. ವಿಜಯದಾಸರ ಚೀಕಲಪರ್ವಿ ಮಾನ್ವಿ ಕಡೆ. ಅಪ್ಪನೂ ಮಾನ್ವಿ ಕಡೆಯವರು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆ. ನಮ್ಮ ಸೋದರಮಾವ ದೇವದುರ್ಗದವರು.

ಒಂದು ದೀಪಾವಳಿಗೆ ಮಾವ ಮನೆಗೆ ಬಂದಾಗ ಅಪ್ಪ ಕ್ಯಾಸೆಟ್ ಹಾಕಿದರು. ಟಕ್ ಅಂದ ಮೇಲೆ, "ಆ ಬಿಗಿ ನೋಡು, ವಿಜಯದಾಸರದ್ದೇ" ಅಂದರು. ಮಾವ ಎಲೆ ಅಡಿಕೆ ಬದಿಗೆ ಇಟ್ಟು, "ಭಾವ, ಇದು ಗೋಪಾಲದಾಸರದ್ದು" ಅಂದರು. ಇಬ್ಬರೂ ಮತ್ತೆ ಕೇಳಿದರು. ಮತ್ತೆ ಟಕ್. ಆವತ್ತು ಆ ತುಣುಕನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿದರು ಅಂದರೆ ಟೇಪು ಹೊರಗೆ ಬಂದು ಪಡಸಾಲೆಯ ತುಂಬ ಹಾಸಿಕೊಂಡಿತು. ಅವ್ವ ಬಯ್ಯುತ್ತ, ನಾನು ಪೆನ್ಸಿಲ್ ತೂರಿಸಿ ತಿರುಗಿಸುತ್ತ, ಅವರಿಬ್ಬರೂ ಜಗಳ ಆಡುತ್ತ ಹಬ್ಬ ಮುಗಿಯಿತು.

ಮುಂದೆ ಇಪ್ಪತ್ತು ವರ್ಷ ಅದು ಪ್ರತಿ ಮದುವೆ, ಪ್ರತಿ ಗೃಹಪ್ರವೇಶದಲ್ಲಿ ನಡೆಯಿತು. "ಗೋಪಾಲದಾಸರಿಗೆ ಗುರು ಯಾರಪ್ಪ? ವಿಜಯದಾಸರಲ್ಲೇನು? ಕಲಿಸಿದವರು ಯಾರು, ಕಲಿತವರು ಯಾರು?" ಅಂತ ಅಪ್ಪ. "ಕಲಿತವರು ಮುಂದೆ ಹೋಗೋದಿಲ್ಲೇನು? ಹೋಗಲಿಲ್ಲಾಂದ್ರ ಕಲಿಸಿದವರದೇ ತಪ್ಪು" ಅಂತ ಮಾವ. ಒಂದು ಮುಂಜಿಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಸಮಾಧಾನ ಮಾಡಲು ಹೋಗಿ, ಜಗನ್ನಾಥದಾಸರದ್ದೂ ಇರಬಹುದಲ್ಲ ಅಂದರು. ಅವರೂ ಮಾನ್ವಿ ಕಡೆಯವರೇ, ಗೋಪಾಲದಾಸರ ಶಿಷ್ಯರು. ಇಬ್ಬರಿಗೂ ಅರ್ಧ ಅರ್ಧ ಸಿಗುತ್ತಿತ್ತು. ಅಪ್ಪ, ಮಾವ ಒಂದಾಗಿ ಆ ಪುಣ್ಯಾತ್ಮರ ಮೇಲೆ ಬಿದ್ದರು. ಆಮೇಲೆ ಅವರು ನಮ್ಮ ಯಾವ ಕಾರ್ಯಕ್ಕೂ ಬರಲಿಲ್ಲ.

ಕಾಕಾನನ್ನು ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳಿದೆವು. "ಯಾರೋ ಕೊಟ್ಟ ಕ್ಯಾಸೆಟ್ಟಿಂದ ಹಾಕಿದ್ದು, ಒಯ್ದರು" ಅಂದರು. ದಾಸಸಾಹಿತ್ಯ ಬಲ್ಲವರನ್ನು ಕೇಳಬಹುದಿತ್ತು. ಅಪ್ಪ ಯಾಕೋ ಯಾರ ಹತ್ತಿರವೂ ಹೋಗಲಿಲ್ಲ. ಮಾವನೂ ಹೋಗಲಿಲ್ಲ. ಪಲ್ಲವಿಯನ್ನು ನಾನು ಇಲ್ಲಿ ಬರೆದರೆ ನಿಮ್ಮಲ್ಲೇ ಯಾರೋ ಒಬ್ಬರು ಕಾಫಿ ಕುಡಿಯುತ್ತ ಉತ್ತರ ಹೇಳಿಬಿಡುತ್ತೀರಿ. ಅದಕ್ಕೇ ಬರೆಯುತ್ತಿಲ್ಲ.

2009ರಲ್ಲಿ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದವನು ನಾನೇ. ಟೇಪಿನಿಂದ ಕಂಪ್ಯೂಟರಿಗೆ ಒಂದು ವೈರು. ಅರವತ್ತು ನಿಮಿಷದ ಕ್ಯಾಸೆಟ್ ಇಳಿಯಲು ಅರವತ್ತೇ ನಿಮಿಷ. ಶಕ್ತಿನಗರದಲ್ಲಿ ಇಡೀ ರಾಜ್ಯಕ್ಕೆ ಕರೆಂಟ್ ತಯಾರಾಗುತ್ತದೆ ಅಂತ ನಾವು ಹೆಮ್ಮೆ ಪಡುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ಕರೆಂಟ್ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಈ ಹಾಡಿನ ಕೊನೆಯ ಟಕ್ ಕತ್ತರಿಸಿಬಿಡಲೇ ಅಂತ ಕೇಳಿದೆ. "ಇರಲಿ, ಅದೂ ಹಾಡಿಂದೇ" ಅಂದರು. 2011ರಲ್ಲಿ ಅವರು ಹೋದರು. ಮಾವನಿಗೆ ಈಗ ಎಂಬತ್ತಾರು. ಫೋನ್ ಮಾಡಿದರೆ ಬಿಪಿ, ಮಳೆ, ತೊಗರಿ ರೇಟು ಎಲ್ಲ ಆದ ಮೇಲೆ, ಇಡುವ ಮುಂಚೆ, "ಗೋಪಾಲದಾಸರದ್ದೇ ಅದು" ಅಂತ ಅಂದೇ ಇಡುತ್ತಾರೆ. ಎದುರಾಡುವವರು ಇಲ್ಲ ಅಂತ ದನಿ ಸ್ವಲ್ಪ ಇಳಿದಿದೆ, ಅಷ್ಟೇ.

ಹುಡುಗ ಅಷ್ಟರಲ್ಲಿ ಕ್ಯಾಮೆರಾದ ಕೇಬಲ್ ತಂದಿದ್ದ. ಅದು ಅವರ ಮನೆಯ ಸೊಳ್ಳೆಪರದೆಯ ಒಂದು ಮೂಲೆಯನ್ನು ಗೋಡೆಯ ಮೊಳೆಗೆ ಕಟ್ಟಿಕೊಂಡಿತ್ತಂತೆ. ಸಂಜೆಯೊಳಗೆ ವಾಪಸ್ ಕೊಡಬೇಕು ಅಂತ ಅವರಮ್ಮ ಹೇಳಿ ಕಳಿಸಿದ್ದರು. ಚುಚ್ಚಿದ. ಟಣ್. ಕಾದೆವು. ಟೊಣ್ ಬರಲಿಲ್ಲ.

ಬಂದದ್ದು ಒಂದು ಪೆಟ್ಟಿಗೆ. ಈ ಪ್ಲೇಯರ್ ಬೇರೊಂದು ಕಂಪ್ಯೂಟರಿಗೆ ಸೇರಿದ್ದು, ಇದರೊಂದಿಗೆ ಸಿಂಕ್ ಮಾಡಬೇಕಾದರೆ ಒಳಗಿರುವುದನ್ನೆಲ್ಲ ಅಳಿಸಬೇಕು, ಅಳಿಸಲೇ? ಅಂತ ಇಂಗ್ಲಿಷಿನಲ್ಲಿ ಬಲು ವಿನಯದಿಂದ ಕೇಳಿತು. ಹೊಸ ಕಂಪ್ಯೂಟರಿನಲ್ಲಿ ಒಂದೂ ಹಾಡಿಲ್ಲ. ಆ ಶೂನ್ಯಕ್ಕೆ ಸರಿಯಾಗಿ ನನ್ನ 212 ಹಾಡನ್ನೂ ಶೂನ್ಯ ಮಾಡಿ, ನೋಡಿ ಎರಡೂ ಹೊಂದಿಕೊಂಡವು ಅಂತ ತೋರಿಸುತ್ತದಂತೆ. ನಾನು ದುಡ್ಡು ಕೊಟ್ಟು ತಂದ ಪ್ಲೇಯರ್, ನಾನು ರಾತ್ರಿ ಎಲ್ಲ ಕೂತು ಇಳಿಸಿದ ಹಾಡು, ಅದು ಸತ್ತುಹೋದ ಕಂಪ್ಯೂಟರಿಗೆ ಸೇರಿದ್ದಂತೆ! ನನಗೆ ಅಲ್ವಂತೆ! ಬಾಯಿಗೆ ಬಂದದ್ದನ್ನು ಅಂದೆ. ಹುಡುಗ ಮೊದಲ ಸಲ ನನ್ನ ಕಡೆ ಸ್ವಲ್ಪ ಗೌರವದಿಂದ ನೋಡಿದ.

"ಬ್ಯಾಡ ಒತ್ತಿ ಬಿಡ್ರಿ. ಅದಕ್ಕ ಬ್ಯಾರೇ ದಾರಿ ಐತಿ, ನಾಳೆ ಮಾಡಿ ಕೊಡ್ತೀನಿ" ಅಂದ. ಬೇಡ ಒತ್ತಿದೆ. ಕೇಬಲ್ ಕಿತ್ತೆ. ಟೊಣ್.

ಅವನು ಹೊರಡಬೇಕಿತ್ತು. ಹೊರಡಲಿಲ್ಲ. ಫೋನ್ ತೆಗೆದ. "ಆ ಅರ್ಧ ಹಾಡಿಗೆ ಯಾಕಿಷ್ಟು ತ್ರಾಸು ಅಂಕಲ್? ಪೂರ್ತಿದು ಇದರಾಗ ಇದ್ದೇ ಇರ್ತೈತಿ" ಅಂದ. ನಾನು ಬಾಯಿ ತೆರೆಯುವುದರೊಳಗೆ, ಕೇಳಿದ ಪಲ್ಲವಿಯನ್ನು ನೆನಪಿನಿಂದ ಬರೆದು ಹುಡುಕಿಯೂ ಬಿಟ್ಟ. ಸಿಕ್ಕಿತು. ಹತ್ತು ಸೆಕೆಂಡ್ ಆಗಿರಲಿಲ್ಲ. ಒತ್ತಿದ. ಮೊದಲು ಸಿಮೆಂಟಿನ ಜಾಹೀರಾತು ಬಂತು.

"ಐದು ಸೆಕೆಂಡ್ ತಡ್ರಿ" ಅಂದ. "ಆಮ್ಯಾಲ ಸೀದಾ ಕೊನೇ ಚರಣಕ್ಕ ಒಯ್ತೀನಿ."

ನಾನು ಎದ್ದು ಅಡುಗೆಮನೆಗೆ ಹೋಗಿ ಮಿಕ್ಸರ್ ಹಾಕಿದೆ. ಮೂರರ ಮೇಲೆ ಇಟ್ಟೆ.

"ಖಾಲಿ ಮಿಕ್ಸರ್ ಯಾಕ್ರೀ ತಿರುಗಸ್ಲಿಕ್ಕತ್ತೀರಿ?" ಅಂತ ನಮ್ಮ ಮನೆಯವರು ಕೂಗುತ್ತಿದ್ದರು. ನನಗೆ ಏನೂ ಕೇಳಿಸುತ್ತಿರಲಿಲ್ಲ.