ಲಾಟರಿ ಹೊಡೀತು ಅಂತ ಕೆಲಸ ಬಿಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ‘ಅಭಿನಂದನೆಗಳು, ನಿಮಗೆ ಅಮೆರಿಕದ ಗ್ರೀನ್ ಕಾರ್ಡ್ ಲಾಟರಿ ಹೊಡೆದಿದೆ’ ಅಂತ ಇಮೇಲ್ ಬಂದರೆ, ವಾಟ್ಸಾಪ್ ಬಂದರೆ, ಅದು ಸುಳ್ಳು. ಯಾರಿಗೇ ಬರಲಿ, ಸುಳ್ಳೇ. ಗೆದ್ದವರಿಗೆ ಅಮೆರಿಕ ಸರ್ಕಾರ ಹಾಗೆ ಮೇಲ್ ಕಳಿಸುವುದಿಲ್ಲ. ಅರ್ಜಿ ಹಾಕಿದವರೇ ಸರ್ಕಾರಿ ಸೈಟಿಗೆ ಹೋಗಿ, ತಮ್ಮ ಕನ್ಫರ್ಮೇಶನ್ ನಂಬರ್ ಹಾಕಿ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ಭಾರತದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಈ ಲಾಟರಿಗೆ ಅರ್ಜಿ ಹಾಕುವ ಅರ್ಹತೆಯೇ ಇಲ್ಲ. ಅಮೆರಿಕದಲ್ಲಿ ಕಾಯಂ ನೆಲೆಸಲು ಬಿಡುವ, ಅಲ್ಲಿನ 1990ರ ವಲಸೆ ಕಾಯ್ದೆಯಲ್ಲಿ ಬಂದ ಕಾರ್ಯಕ್ರಮ ಇದು. ಪೂರ್ತಿ ಹೆಸರು ಡೈವರ್ಸಿಟಿ ವೀಸಾ, ಎಲ್ಲರ ಬಾಯಲ್ಲಿ ಡಿವಿ. ಅಮೆರಿಕಕ್ಕೆ ಕಡಿಮೆ ಜನ ಹೋಗುವ ದೇಶಗಳವರಿಗೆ ಇರಲಿ ಅಂತ ಮಾಡಿದ್ದು. ಹಿಂದಿನ ಐದು ವರ್ಷಗಳಲ್ಲಿ ಕುಟುಂಬ ಮತ್ತು ಉದ್ಯೋಗದ ದಾರಿಯಲ್ಲಿ 50 ಸಾವಿರಕ್ಕಿಂತ ಜಾಸ್ತಿ ಜನರನ್ನು ಕಳಿಸಿದ ದೇಶ ಹೊರಗೆ. ನಾವು ಹೊರಗೆ, ಚೀನಾ ಹೊರಗೆ, ಪಾಕಿಸ್ತಾನ ಹೊರಗೆ. ನೇಪಾಳ ಒಳಗೆ, ಶ್ರೀಲಂಕಾ ಒಳಗೆ.

ಹಾಗಾದರೆ ನಿನಗ್ಯಾಕೆ ಈ ವಿಷಯ ಅಂತ ಕೇಳಬಹುದು. ನನ್ನ ಅಕ್ಕನ ಗಂಡ ಹುಟ್ಟಿದ್ದು ಕುವೈತ್‌ನಲ್ಲಿ.

ಇಲ್ಲಿ ನೋಡುವುದು ಪಾಸ್‌ಪೋರ್ಟಿನ ಬಣ್ಣವಲ್ಲ, ಹುಟ್ಟಿದ ಜಾಗ. ಭಾವನದು ಭಾರತದ ಪಾಸ್‌ಪೋರ್ಟ್. ಕುವೈತ್ ಅವರಿಗೆ ಪೌರತ್ವ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆದರೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ಅನ್ನುವ ಕಡೆ ‘ಕುವೈತ್’ ಅಂತಿದೆ. ಅಮೆರಿಕದ ಲೆಕ್ಕದಲ್ಲಿ ಅಷ್ಟು ಸಾಕು. ಉಡುಪಿ, ಮಂಗಳೂರು, ಭಟ್ಕಳದ ಕಡೆ ಎಷ್ಟು ಮನೆಗಳಲ್ಲಿ ಹೀಗೆ ಗಲ್ಫ್‌ನಲ್ಲಿ ಹುಟ್ಟಿದ ಮಕ್ಕಳಿದ್ದಾರೆ! ತುಂಬಾ ಜನಕ್ಕೆ ಈ ವಿಷಯ ಗೊತ್ತೇ ಇಲ್ಲ. ಗಂಡ ಇಲ್ಲಿ ಹುಟ್ಟಿ ಹೆಂಡತಿ ಮಸ್ಕತ್‌ನಲ್ಲಿ ಹುಟ್ಟಿದ್ದರೂ ಆಯಿತು. ಹೆಂಡತಿಯ ಹುಟ್ಟಿದ ದೇಶದ ಮೇಲೆ ಗಂಡನೂ ಅರ್ಜಿ ಹಾಕಬಹುದು. ಇಬ್ಬರ ಹೆಸರೂ ಅರ್ಜಿಯಲ್ಲಿರಬೇಕು, ಇಬ್ಬರಿಗೂ ವೀಸಾ ಆಗಬೇಕು, ಇಬ್ಬರೂ ಒಟ್ಟಿಗೆ ಅಮೆರಿಕದ ಒಳಗೆ ಕಾಲಿಡಬೇಕು.

ತಮಾಷೆ ನೋಡಿ. ಭಾವನ ತಮ್ಮ ಹುಟ್ಟಿದ್ದು ಉಡುಪಿಯಲ್ಲಿ. 1990ರಲ್ಲಿ ಇರಾಕ್ ಕುವೈತ್ ಮೇಲೆ ಬಿದ್ದಾಗ ಮನೆಯವರೆಲ್ಲ ವಾಪಸ್ ಬಂದಿದ್ದರು, ಅವನು ಆಮೇಲೆ ಹುಟ್ಟಿದ. ಓದಿನಲ್ಲಿ ಅವನೇ ಮುಂದೆ. ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ನ್ಯೂಜೆರ್ಸಿಗೆ ಹೋದ, ಅಲ್ಲೇ ಇದ್ದಾನೆ, ಗ್ರೀನ್ ಕಾರ್ಡಿನ ಸಾಲಿನಲ್ಲಿ. 2025ರಲ್ಲಿ ಉದ್ಯೋಗದ ದಾರಿಯ ಇಬಿ-2 ಅನ್ನುವ ವರ್ಗದಲ್ಲಿ ಭಾರತದವರ ಸಾಲು 2013ರ ಆಸುಪಾಸಿನ ಅರ್ಜಿಗಳ ಹತ್ತಿರ ತೆವಳುತ್ತಿತ್ತು. ಅವನ ಸರದಿ ಯಾವಾಗಲೋ! ಅಣ್ಣನಿಗೆ ಒಂದು ಫಾರ್ಮ್ ತುಂಬಿದ್ದಕ್ಕೆ ಹೆಸರು ಬಂತು. ಒಂದೇ ಅಪ್ಪ, ಒಂದೇ ಅಮ್ಮ. ಹೆರಿಗೆ ಯಾವ ಆಸ್ಪತ್ರೆಯಲ್ಲಿ ಆಯಿತು ಅನ್ನುವುದರ ಮೇಲೆ ಇಷ್ಟೆಲ್ಲ ನಿಂತಿದೆ. ತಮ್ಮನಿಗೆ ಹೊಟ್ಟೆಕಿಚ್ಚು ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಅವನ ಹೊಟ್ಟೆಕಿಚ್ಚು ನ್ಯಾಯವಾದದ್ದೇ.

ಈಗ ಗೆದ್ದಿದ್ದು ಏನು ಅನ್ನುವ ವಿಷಯಕ್ಕೆ ಬರೋಣ. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಫಲಿತಾಂಶ ಮುಂದಿನ ಮೇ ತಿಂಗಳಲ್ಲಿ. ಭಾವನ ಹೆಸರು ಬಂದ ದಿನ ಅಕ್ಕನ ಅತ್ತೆ ಮನೆಯಲ್ಲಿ ಪಾಯಸ ಆಯಿತು, ಬೀದಿಗೆಲ್ಲ ಸುದ್ದಿ ಆಯಿತು. ನನಗೆ ಆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ನಾನು ನಿಯಮ ಓದಿದ್ದೆ. ಕಾನೂನಿನ ಪ್ರಕಾರ ವರ್ಷಕ್ಕೆ ಇರುವುದು ಹೆಚ್ಚೆಂದರೆ 55 ಸಾವಿರ ವೀಸಾ. ಅದರಲ್ಲೂ ಒಂದಿಷ್ಟು ಬೇರೆ ಕಾರ್ಯಕ್ರಮಕ್ಕೆ ಕತ್ತರಿಯಾಗುತ್ತದೆ. ಆಯ್ಕೆ ಮಾಡುವುದು ಮಾತ್ರ ಲಕ್ಷಕ್ಕೂ ಮೀರಿ. ಇತ್ತೀಚಿನ ಕೆಲವು ವರ್ಷ 1 ಲಕ್ಷ 30 ಸಾವಿರವನ್ನೂ ದಾಟಿದೆ, ಗಂಡ, ಹೆಂಡತಿ, ಮಕ್ಕಳೆಲ್ಲ ಸೇರಿ. ಅಂದರೆ ಕೈಗೆ ಬಂದಿರುವುದು ರೈಲಿನ ವೇಟಿಂಗ್ ಲಿಸ್ಟ್ ಟಿಕೆಟ್. ಎಷ್ಟನೇ ನಂಬರ್ ಅನ್ನುವುದೇ ಮುಖ್ಯ.

ಆ ನಂಬರ್ ಆಯ್ಕೆಯ ಪತ್ರದಲ್ಲೇ ಇರುತ್ತದೆ. ಮೊದಲು ವರ್ಷ, ಆಮೇಲೆ ಪ್ರದೇಶದ ಎರಡು ಅಕ್ಷರ, ಆಮೇಲೆ ಸಂಖ್ಯೆ. ಗಲ್ಫ್ ದೇಶಗಳೆಲ್ಲ ಏಷ್ಯಾ ಲೆಕ್ಕದಲ್ಲಿ ಬರುತ್ತವೆ. ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ವೀಸಾ ಬುಲೆಟಿನ್ ಹಾಕುತ್ತದೆ. ಏಷ್ಯಾಕ್ಕೆ 6,000 ಅಂತ ಹಾಕಿದ್ದರೆ, 6,000ಕ್ಕಿಂತ ಕೆಳಗಿನ ನಂಬರಿನವರಿಗೆ ಆ ತಿಂಗಳು ಸರದಿ. ನಿಮ್ಮದು 7,500 ಆದರೆ ಮುಂದಿನ ತಿಂಗಳು ನೋಡಿ. ನೇಪಾಳದವರು ಈ ಸಾಲಿನಲ್ಲಿ ತುಂಬಾ ಇರುವುದರಿಂದ ಅವರಿಗೆ ಎಷ್ಟೋ ಸಲ ಬೇರೆ ಗೆರೆ ಎಳೆದಿರುತ್ತಾರೆ. ಒಂದು ದೇಶಕ್ಕೆ ಒಟ್ಟು ವೀಸಾದಲ್ಲಿ ಶೇಕಡಾ 7ಕ್ಕಿಂತ ಜಾಸ್ತಿ ಕೊಡುವಂತಿಲ್ಲ.

ಇದೆಲ್ಲ ಮುಗಿಯಬೇಕಾದ್ದು ಸೆಪ್ಟೆಂಬರ್ 30ರೊಳಗೆ. ಅಮೆರಿಕದ ಹಣಕಾಸು ವರ್ಷ ಅಂದಿಗೆ ಮುಗಿಯುತ್ತದೆ. ಆ ರಾತ್ರಿ ದಾಟಿದರೆ ನಿಮ್ಮ ಫೈಲ್ ರದ್ದಿ. ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ಮೇಲ್ಮನವಿ ಇಲ್ಲ, ಕಟ್ಟಿದ ಶುಲ್ಕ ವಾಪಸ್ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಎರಡು ಪಟ್ಟು ಜನರನ್ನು ಆರಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಎಷ್ಟೋ ಜನ ಫಾರ್ಮ್ ತುಂಬುವುದೇ ಇಲ್ಲ, ಎಷ್ಟೋ ಜನಕ್ಕೆ ಅರ್ಹತೆ ಇರುವುದಿಲ್ಲ, ಲೆಕ್ಕ ಸರಿಹೋಗಬೇಕಲ್ವಾ. ಗೆದ್ದರೂ ವೀಸಾ ಗ್ಯಾರಂಟಿ ಅಲ್ಲ ಅಂತ ಅವರೂ ಬರೆದೇ ಇರುತ್ತಾರೆ. ಆದರೆ ಈ ಸೆಪ್ಟೆಂಬರ್ 30ರ ಗೆರೆ ಒಂದು ಕಡೆಯವರಿಗೆ ಮಾತ್ರ ಕತ್ತಿ. ಅರ್ಜಿದಾರ ತಡ ಮಾಡಿದರೂ ಅವನಿಗೇ ನಷ್ಟ, ಕಚೇರಿ ತಡ ಮಾಡಿದರೂ ಅವನಿಗೇ ನಷ್ಟ. ತಮ್ಮ ಕಡೆಯಿಂದ ತಡವಾದ ಫೈಲನ್ನಾದರೂ ಮುಂದಿನ ವರ್ಷಕ್ಕೆ ತೆಗೆದುಕೊಂಡು ಹೋಗಬೇಕು. ಅದಕ್ಕೆ ಕಾನೂನು ಬದಲಾಗಬೇಕು, ಬದಲಾಗುವ ಲಕ್ಷಣ ಇಲ್ಲ.

2020ರಲ್ಲಿ ಏನಾಯಿತು ಗೊತ್ತಾ? ಕೊರೊನಾ ಅಂತ ಕಾನ್ಸುಲೇಟ್‌ಗಳು ಬಾಗಿಲು ಹಾಕಿದವು. ಮೇಲಿಂದ ಟ್ರಂಪ್ ವಲಸೆ ವೀಸಾಗಳನ್ನು ತಡೆಯುವ ಆದೇಶ ಹೊರಡಿಸಿದರು. ಗೆದ್ದವರು ಕೋರ್ಟಿಗೆ ಹೋದರು. ವಾಷಿಂಗ್ಟನ್‌ನ ನ್ಯಾಯಾಧೀಶ ಅಮಿತ್ ಮೆಹ್ತಾ, ನಮ್ಮ ಗುಜರಾತಿ ಮೂಲದವರು, ಆ ಸೆಪ್ಟೆಂಬರ್ 30ರಂದು 9,095 ವೀಸಾಗಳನ್ನು ಮೀಸಲಿಡಿ ಅಂತ ಹೇಳಿದರು. ಜನ ಆಸೆ ಇಟ್ಟುಕೊಂಡು ಕೂತರು. ಮೇಲಿನ ಕೋರ್ಟ್ 2024ರಲ್ಲಿ ಏನು ಹೇಳಿತು? ವರ್ಷ ಮುಗಿದ ಮೇಲೆ ವೀಸಾ ಕೊಡಿ ಅಂತ ಹೇಳುವ ಅಧಿಕಾರ ಕೋರ್ಟಿಗೆ ಇಲ್ಲ. ಅಲ್ಲಿಗೆ ಮುಗೀತು. ಅದಕ್ಕೂ ಮೊದಲು 2011ರಲ್ಲಿ ಸುಮಾರು 22 ಸಾವಿರ ಜನರಿಗೆ ‘ನೀವು ಆಯ್ಕೆಯಾಗಿದ್ದೀರಿ’ ಅಂತ ತೋರಿಸಿ, ಕಂಪ್ಯೂಟರ್ ಸರಿಯಾಗಿ ಆರಿಸಿಲ್ಲ ಅಂತ ಪೂರ್ತಿ ಫಲಿತಾಂಶವನ್ನೇ ರದ್ದು ಮಾಡಿದ್ದರು. ಮೊದಲ ಎರಡು ದಿನ ಅರ್ಜಿ ಹಾಕಿದವರನ್ನೇ ಹೆಚ್ಚುಕಮ್ಮಿ ಎಲ್ಲ ಆರಿಸಿಬಿಟ್ಟಿತ್ತಂತೆ ಆ ಕಂಪ್ಯೂಟರ್. ಇಷ್ಟೆಲ್ಲ ಇತಿಹಾಸ ಇರುವಾಗ ಮೇ ತಿಂಗಳಲ್ಲಿ ರಾಜೀನಾಮೆ ಕೊಡುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ವೀಸಾ ಕೈಗೆ ಬರುವ ತನಕ ಕೆಲಸ ಬಿಡಬೇಡಿ, ಮನೆ ಮಾರಬೇಡಿ ಅಂತ ಅಮೆರಿಕ ಸರ್ಕಾರವೇ ಹೇಳುತ್ತದೆ. ಸುಮ್ನೆ ಹೇಳುವುದಲ್ಲ ಅದು.

ಕಾಗದಪತ್ರದ ಕಥೆ ಇನ್ನೊಂದು. ಗೆದ್ದ ಮೇಲೆ ಡಿಎಸ್-260 ಅನ್ನುವ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು. ಅದು ಹೋಗಿ ಸೇರುವುದು ಕೆಂಟಕಿ ಕಾನ್ಸುಲರ್ ಸೆಂಟರ್‌ಗೆ. ಫಾರ್ಮ್ ಕಷ್ಟವಿಲ್ಲ, ಉದ್ದ ಅಷ್ಟೇ. ಎಲ್ಲೆಲ್ಲಿ ಇದ್ದಿರಿ, ಏನೇನು ಕೆಲಸ ಮಾಡಿದಿರಿ, ಎಲ್ಲ ಬೇಕು. ನಮಗೆ ಹೆಚ್ಚು ಕಾಡಿದ್ದು ಜನನ ಪ್ರಮಾಣಪತ್ರ.

1990ರಲ್ಲಿ ಕುವೈತ್‌ನಿಂದ ಬಂದವರ ಕಥೆ ಕರಾವಳಿಯವರಿಗೆ ಹೇಳಬೇಕಿಲ್ಲ. ಬಾಗ್ದಾದ್ ಮೇಲೆ ಅಮ್ಮಾನ್‌ಗೆ ಬಸ್ಸು, ಅಲ್ಲಿಂದ ಏರ್ ಇಂಡಿಯಾ ವಿಮಾನ. ಆಗ 1 ಲಕ್ಷ 70 ಸಾವಿರಕ್ಕೂ ಜಾಸ್ತಿ ಜನರನ್ನು ಕರೆತಂದರು. ಅತ್ತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮನೆಯ ಕಾಗದ ಎಲ್ಲ ಸುತ್ತಿ ಸೀರೆಯೊಳಗೆ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ ಇದ್ದದ್ದು ಅರಬ್ಬಿಯಲ್ಲಿ ಬರೆದ ಜನನ ಪತ್ರದ ಒಂದು ಜೆರಾಕ್ಸ್, ಅದೂ ಮಡಿಕೆಯ ಗೆರೆಯಲ್ಲಿ ಅಕ್ಷರ ಹೋಗಿತ್ತು. ಸಂದರ್ಶನಕ್ಕೆ ಮೂಲ ಪ್ರತಿ ಬೇಕು, ಅದರ ಜೊತೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಯಾವ ದೇಶದ ಯಾವ ಪತ್ರ ನಡೆಯುತ್ತದೆ ಅಂತ ವಿದೇಶಾಂಗ ಇಲಾಖೆಯ ಸೈಟಿನಲ್ಲಿ ದೇಶದ ಪ್ರಕಾರ ಪಟ್ಟಿ ಇದೆ. ಏಜೆಂಟ್ ಹತ್ತಿರ ಹೋಗುವ ಮೊದಲು ಅದನ್ನು ನೋಡಿ. ಕುವೈತ್‌ನಲ್ಲಿ ಇನ್ನೂ ಕೆಲಸದಲ್ಲಿರುವ ಊರಿನವರೊಬ್ಬರು ಕಚೇರಿ ಕಚೇರಿ ಅಲೆದು ಹೊಸ ಪ್ರತಿ ತೆಗೆಸಿ ಕಳಿಸಿದರು.

ಬಂತು ಅಂತ ಖುಷಿಪಟ್ಟರೆ ಇನ್ನೊಂದು ತಲೆನೋವು. ಭಾವನ ಹೆಸರು ‘ಪ್ರ’ದಿಂದ ಶುರು. ಅರಬ್ಬಿಯಲ್ಲಿ ‘ಪ’ ಇಲ್ಲ, ಅವರು ‘ಬ್ರ’ ಅಂತ ಬರೆದಿದ್ದರು. ಅನುವಾದಕ ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿಬಿಟ್ಟ. ಪಾಸ್‌ಪೋರ್ಟಿನಲ್ಲಿ ಒಬ್ಬ, ಜನನ ಪತ್ರದಲ್ಲಿ ಇನ್ನೊಬ್ಬ! ಅನುವಾದ ಮತ್ತೆ ಮಾಡಿಸಿ, ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ, ಶಾಲೆಯ ದಾಖಲೆ ಜೊತೆಗಿಟ್ಟರು. ಸಂದರ್ಶನದಲ್ಲಿ ಅಧಿಕಾರಿ ಅದನ್ನು ನೋಡಿ ಒಂದು ಪ್ರಶ್ನೆ ಕೇಳಿ ಮುಂದೆ ಹೋದರಂತೆ. ಗಲ್ಫ್‌ನಲ್ಲಿ ಹುಟ್ಟಿದ ಪ್ರಕಾಶ, ಪವಿತ್ರಾ, ಪ್ರವೀಣರೆಲ್ಲ ಈಗಲೇ ಒಮ್ಮೆ ತಮ್ಮ ಪತ್ರ ತೆಗೆದು ನೋಡಿಕೊಳ್ಳಿ.

ಏಜೆನ್ಸಿಯ ವಿಷಯ ಹೇಳದೆ ಬಿಡುವ ಹಾಗಿಲ್ಲ. ಹೆಸರು ಬೇಡ. ಕುವೈತ್‌ನ ಪೊಲೀಸ್ ಪ್ರಮಾಣಪತ್ರ ತರಿಸಬೇಕು, ಅದಕ್ಕೆ ಇಷ್ಟು ಖರ್ಚಾಗುತ್ತದೆ ಅಂತ ದೊಡ್ಡ ಮೊತ್ತ ಹೇಳಿದರು. ಭಾವ ಕುವೈತ್ ಬಿಟ್ಟಾಗ ಸಣ್ಣ ಹುಡುಗ. ಬೇರೆ ದೇಶದ ಪೊಲೀಸ್ ಪತ್ರ ಕೇಳುವುದು 16 ತುಂಬಿದ ಮೇಲೆ ಅಲ್ಲಿ ಒಂದು ವರ್ಷವಾದರೂ ಇದ್ದವರಿಗೆ. ಇಲ್ಲಿಯ ಪಿಸಿಸಿ, ಅಂದರೆ ಭಾರತದ ಪೊಲೀಸ್ ಪ್ರಮಾಣಪತ್ರ, ಸಾಕಾಗಿತ್ತು. ಅದನ್ನು ಪಾಸ್‌ಪೋರ್ಟ್ ಕಚೇರಿಯಲ್ಲೇ ಕೊಡುತ್ತಾರೆ. ನಿಯಮದ ಪುಟ ತೆಗೆದು ತೋರಿಸಿದ ಮೇಲೆ ‘ಇರಲಿ ಸಾರ್, ಸೇಫ್ಟಿಗೆ’ ಅಂದರು. ನಮ್ಮ ಭಯವೇ ಅವರ ಬಂಡವಾಳ.

ಇದಕ್ಕಿಂತ ಕೆಟ್ಟದ್ದು ಅರ್ಜಿ ಹಾಕುವಾಗಲೇ ನಡೆಯುತ್ತದೆ. ಸೈಬರ್ ಅಂಗಡಿಯವರು ತಮ್ಮ ಇಮೇಲ್ ಹಾಕಿ ಅರ್ಜಿ ತುಂಬುತ್ತಾರೆ, ಕನ್ಫರ್ಮೇಶನ್ ನಂಬರ್ ತಾವೇ ಇಟ್ಟುಕೊಳ್ಳುತ್ತಾರೆ. ಗೆದ್ದರೆ ಆ ನಂಬರಿಗೆ ದುಡ್ಡು ಕೇಳುತ್ತಾರೆ. ನಂಬರ್ ಮರೆತರೆ ಸೈಟಿನಲ್ಲಿ ಮತ್ತೆ ತೆಗೆಯಬಹುದು, ಆದರೆ ಅದಕ್ಕೆ ಅರ್ಜಿಯಲ್ಲಿ ಹಾಕಿದ ಇಮೇಲ್ ಗೊತ್ತಿರಬೇಕು. ಕೆಲವು ದೇಶಗಳಲ್ಲಂತೂ ಗೆದ್ದ ಮದುವೆಯಾಗದ ಹುಡುಗನಿಗೆ ದುಡ್ಡು ಕೊಟ್ಟವರ ಮಗಳನ್ನು ಕಾಗದದ ಮೇಲೆ ಹೆಂಡತಿ ಮಾಡುವ ದಂಧೆಯೂ ನಡೆದಿದೆ. ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಉಳಿದದ್ದು ಬೇಗ ಹೇಳುತ್ತೇನೆ. ಬರೀ ಎಸ್‌ಎಸ್‌ಎಲ್‌ಸಿ ಸಾಲದು, 12 ವರ್ಷದ ಶಾಲಾ ಓದು ಬೇಕು, ಅಂದರೆ ನಮ್ಮ ಲೆಕ್ಕದಲ್ಲಿ ಪಿಯುಸಿ. ಅದಿಲ್ಲದಿದ್ದರೆ ತರಬೇತಿ ಬೇಡುವ ಕೆಲಸದಲ್ಲಿ ಕಳೆದ ಐದು ವರ್ಷಗಳೊಳಗೆ ಎರಡು ವರ್ಷದ ಅನುಭವ. ಅರ್ಜಿಯಲ್ಲಿ 21ರೊಳಗಿನ, ಮದುವೆಯಾಗದ ಎಲ್ಲ ಮಕ್ಕಳ ಹೆಸರು ಇರಬೇಕು, ಅವರು ಜೊತೆಗೆ ಬರದಿದ್ದರೂ. ಒಂದು ಬಿಟ್ಟರೆ ಇಡೀ ಕುಟುಂಬ ಅನರ್ಹ. ಫೋಟೋ ಹೊಸದೇ ಆಗಬೇಕು, ಕನ್ನಡಕ ಬೇಡ, ಹೋದ ವರ್ಷದ್ದೇ ಹಾಕಿದರೆ ಅಲ್ಲೇ ತಿರಸ್ಕಾರ. ವೈದ್ಯಕೀಯ ತಪಾಸಣೆ ಅವರು ಹೇಳಿದ ಡಾಕ್ಟರ ಹತ್ತಿರವೇ. ಸಂದರ್ಶನದ ದಿನ ತಲೆಗೆ 330 ಡಾಲರ್. ವೀಸಾ ಆಗದಿದ್ದರೂ ಅದು ಹೋದ ಹಾಗೇ. ವೀಸಾ ಸಿಕ್ಕಿದ ಮೇಲೂ ಸಾಮಾನ್ಯವಾಗಿ ಆರು ತಿಂಗಳೊಳಗೆ ಅಮೆರಿಕದಲ್ಲಿ ಇಳಿಯಬೇಕು, ತಪಾಸಣೆ ಹಳೆಯದಾಗಿದ್ದರೆ ಇನ್ನೂ ಕಡಿಮೆ.

ಭಾವನಿಗೆ ವೀಸಾ ಆಯಿತು, ಅಕ್ಕನಿಗೂ ಮಗಳಿಗೂ ಆಯಿತು. ಆದರೆ ಅವರಿಗೆ ಆಯಿತು ಅಂತ ಈ ವ್ಯವಸ್ಥೆ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಅವರ ನಂಬರ್ ಚಿಕ್ಕದಿತ್ತು, ಅಷ್ಟೇ.

ಈಗಿನ ಪರಿಸ್ಥಿತಿ ಬೇರೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಗುಂಡು ಹಾರಿಸಿದವನು ಡಿವಿ ಮೇಲೆ ಬಂದವನು ಅಂತ ಹೇಳಿ, 2025ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಈ ಕಾರ್ಯಕ್ರಮಕ್ಕೇ ತಡೆ ಘೋಷಿಸಿತು. ಒಬ್ಬನ ಅಪರಾಧಕ್ಕೆ ಸಾವಿರಾರು ಜನರ ಫೈಲ್ ನಿಲ್ಲಿಸುವುದು ಯಾವ ನ್ಯಾಯವೋ ನನಗಂತೂ ಗೊತ್ತಾಗುವುದಿಲ್ಲ. ಅವರ ಸೆಪ್ಟೆಂಬರ್ 30 ಮಾತ್ರ ನಿಲ್ಲುವುದಿಲ್ಲ.

ಮೊನ್ನೆ ಕುಂದಾಪುರದ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಮಗಳು ದುಬೈಯಲ್ಲಿ ಹುಟ್ಟಿದ್ದು, ಮುಂದೆ ಡಿವಿ ತೆರೆದರೆ ಹಾಕಿಸಬಹುದಾ ಅಂತ. ಹಾಕಿಸಿ, ಅವಳ ಇಮೇಲ್‌ನಿಂದ ಅವಳೇ ತುಂಬಲಿ, ಏಜೆಂಟ್ ಬೇಡ ಅಂದೆ. ಏನು ಓದುತ್ತಿದ್ದಾಳೆ ಅಂತ ಕೇಳಿದರೆ ಫಸ್ಟ್ ಪಿಯುಸಿ. ಹಾಗಾದರೆ ಸದ್ಯಕ್ಕೆ ಸೆಕೆಂಡ್ ಪಿಯುಸಿ ಪಾಸ್ ಮಾಡಿಸಿ ಸಾರ್ ಅಂದೆ.